ಕಣದ ಕಾಫಿ, ಪೇಟೆಯ ಕಪ್: ರುಚಿ ಹೇಳುವ ಹಕ್ಕು ಯಾರದು?

ಇವತ್ತು ಮಾತಾಡೋದು ಮಲೆನಾಡಿನ ಕಾಫಿ ಬಗ್ಗೆ. ಆದರೆ ಶುರು ಮಾಡೋದು ವೈನ್‌ನಿಂದ. ಯಾಕೆ ಅಂತ ಸ್ವಲ್ಪ ಹೊತ್ತಲ್ಲೇ ಗೊತ್ತಾಗುತ್ತೆ.

ವೈನ್ ಬಗ್ಗೆ ಆಸಕ್ತಿ ಇರೋರು ಪ್ರವಾಸ ಹೊರಟರೆ ಮುಂದೆ ಎರಡು ದಾರಿ ಇರುತ್ತೆ. ಒಂದು, ಪೇಟೆ ಮಧ್ಯದ ಟೇಸ್ಟಿಂಗ್ ರೂಮು. ಆರಾಮಾಗಿ ಕೂತು ನಾಲ್ಕೈದು ಬಗೆ ರುಚಿ ನೋಡಬಹುದು, ವಿವರಿಸೋಕೆ ಒಬ್ಬರು ಪಕ್ಕದಲ್ಲೇ ಇರ್ತಾರೆ. ಇನ್ನೊಂದು, ತೋಟದ ಪಕ್ಕದಲ್ಲಿರೋ ವೈನರಿ. ಅಲ್ಲಿ ಹಣ್ಣು ಹಿಂಡುವ ಯಂತ್ರ, ಹುದುಗು ಬರುವ ತೊಟ್ಟಿ, ಪೀಪಾಯಿ, ಒದ್ದೆ ನೆಲ, ಕೆಲಸದವರು ಎಲ್ಲ ಕಣ್ಣಿಗೆ ಬೀಳುತ್ತೆ. ನಮ್ಮ ರಾಜ್ಯದಲ್ಲೂ ಇದು ಹೊಸದೇನಲ್ಲ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಕುಟುಂಬದವರು 1980ರ ದಶಕದ ಕೊನೆಯಲ್ಲಿ ಫ್ರೆಂಚ್ ದ್ರಾಕ್ಷಿ ತಳಿಗಳನ್ನು ಬೆಳೆಸೋಕೆ ಶುರು ಮಾಡಿದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಮತ್ತು ವೈನ್‌ಗೆ ಅಂತಲೇ ಒಂದು ನೀತಿ ತಂದಿತು. ಈಗ ಬೆಂಗಳೂರಿನವರು ವಾರಾಂತ್ಯಕ್ಕೆ ದ್ರಾಕ್ಷಿ ತೋಟ ನೋಡಿ, ಅಲ್ಲೇ ರುಚಿ ನೋಡಿ ಬರ್ತಾರೆ.

ವೈನ್ ಮಾಡುವವರಿಗೆ ಒಂದು ಅನುಕೂಲ ಇದೆ. ತಮ್ಮ ಸರಕಿನ ರುಚಿಯನ್ನು ಮೊದಲು ನೋಡೋರು ಅವರೇ. ಪೀಪಾಯಿಯಿಂದ ಒಂದು ಗುಟುಕು ತೆಗೆದು, ಇದು ಇನ್ನೂ ಇರಲಿ, ಇದು ಸಾಕು ಅಂತ ತೀರ್ಮಾನ ಮಾಡೋದು ಅವರೇ. ಪೇಟೆಯ ಟೇಸ್ಟಿಂಗ್ ರೂಮಿಗೆ ಹೋಗೋದು ಅವರು ಒಪ್ಪಿದ ಮೇಲೆ.

ಈಗ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬನ್ನಿ. ಅಡಿಕೆ, ಕಾಳುಮೆಣಸು, ಕಾಫಿಯ ಸೀಮೆ. ಇಲ್ಲಿ ಕಾಫಿ ಬೆಳೆದವರು ನೂರಾರು ವರ್ಷ ಹಣ್ಣು ಕೊಯ್ದರು, ಒಣಗಿಸಿದರು, ಮೂಟೆ ಕಟ್ಟಿ ಕಳಿಸಿದರು. ಅದರ ರುಚಿ ಹೇಗಿದೆ ಅಂತ ಹೇಳಿದವರು ಮಾತ್ರ ಬೇರೆ ಊರಿನವರು. ಮೊದಲು ಲಂಡನ್ನಿನವರು, ಆಮೇಲೆ ಬೆಂಗಳೂರಿನವರು. ರುಚಿ ಹೇಳುವವರ ಮಾತಿಗೆ ಬೆಲೆ ಅಂಟಿಕೊಂಡಿರುತ್ತೆ. ಹಾಗಾಗಿ ಈ ಕಥೆ ನಾಲಿಗೆಯದ್ದು ಮಾತ್ರ ಅಲ್ಲ, ಜೇಬಿನದ್ದೂ ಹೌದು.

ಕಣಕ್ಕೇ ನಿಂತುಹೋಗುವ ಕೆಲಸ

ಮೊದಲು ಕಾಫಿಯ ಕೆಲಸ ಹೇಗೆ ಅಂತ ನೋಡಿಬಿಡೋಣ. ಹಣ್ಣಾದ ಕಾಫಿಯನ್ನು ಎರಡು ರೀತಿಯಲ್ಲಿ ಸಂಸ್ಕರಿಸ್ತಾರೆ. ಹಣ್ಣನ್ನು ಹಾಗೇ ಕಣದಲ್ಲಿ ಹರವಿ ಒಣಗಿಸಿದರೆ ಅದು ಚೆರಿ. ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ಹೋಗೋ ತನಕ ತೊಟ್ಟಿಯಲ್ಲಿ ಹುದುಗಲು ಬಿಟ್ಟು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಬೀಜದ ಮೇಲೆ ತೆಳ್ಳಗೆ ಕಾಗದದಂಥ ಒಂದು ಹೊದಿಕೆ ಉಳಿಯುತ್ತಲ್ಲ, ಅದರಿಂದ ಬಂದ ಹೆಸರು.

ಈ ಹುದುಗುವ ಹೊತ್ತಿದೆಯಲ್ಲ, ಅದು ವೈನ್ ತೊಟ್ಟಿಯ ಹತ್ತಿರದ ನೆಂಟ. ಅಲ್ಲೂ ಹಣ್ಣಿನ ಸಕ್ಕರೆ, ಕಣ್ಣಿಗೆ ಕಾಣದ ಜೀವಿಗಳು, ಹೊರಗಿನ ತಂಪು ಬಿಸಿ. ಒಂದು ರಾತ್ರಿ ಹೆಚ್ಚಾದರೆ ಬೀಜಕ್ಕೆ ಕೆಟ್ಟ ವಾಸನೆ ಹತ್ತುತ್ತೆ. ಕಣದಲ್ಲಿ ಮೋಡ ಕವಿದು ನಾಲ್ಕು ದಿನ ಒಣಗದೆ ಕೂತರೆ ಮುಗ್ಗಲು. ಅಂದರೆ ರುಚಿ ಹುಟ್ಟೋದೂ ಕೆಡೋದೂ ತೋಟದ ಅಂಗಳದಲ್ಲೇ.

ಆದರೆ ಬೆಳೆಗಾರರ ಕೆಲಸ ಅಲ್ಲಿಗೆ ನಿಂತುಬಿಡುತ್ತೆ. ಮೇಲಿನ ಹೊದಿಕೆ ತೆಗೆದು, ಬೀಜವನ್ನು ಗಾತ್ರದ ಮೇಲೆ ವಿಂಗಡಿಸಿ, ಕೆಟ್ಟದ್ದನ್ನು ಆರಿಸಿ ತೆಗೆಯೋದು ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಹುರಿಯೋದು ಇನ್ನೆಲ್ಲೋ. ಪುಡಿ ಮಾಡಿ ಕುಡಿಯೋದು ಮತ್ತೆಲ್ಲೋ. ದ್ರಾಕ್ಷಿ ತೋಟದಲ್ಲಿ ಬಾಟಲಿ ತನಕ ಒಂದೇ ಅಂಗಳ. ಕಾಫಿಗೆ ಮೂರು ನಾಲ್ಕು ಅಂಗಳ, ನಡುವೆ ಘಟ್ಟ, ಸಮುದ್ರ.

ಹಾಗಂತ ಮಲೆನಾಡಿನ ಮನೆಗಳಲ್ಲಿ ಕಾಫಿ ಕುಡೀತಿರಲಿಲ್ಲ ಅಂತಲ್ಲ. ಬಾಣಲೆಯಲ್ಲಿ ಹುರಿದು, ಕುಟ್ಟಿ ಪುಡಿ ಮಾಡಿ, ಬೆಲ್ಲ ಹಾಕಿ ಕುಡಿಯೋ ಕಾಫಿ ಇವತ್ತಿಗೂ ಇದೆ. ಆದರೆ ಬೆಲೆ ನಿಂತಿದ್ದು ಆ ಲೋಟದ ಮೇಲಲ್ಲ. ಒಳ್ಳೆ ಬೀಜ ಮೂಟೆಗೆ ಹೋಗುತ್ತೆ, ಉದುರಿದ್ದು ಒಡೆದದ್ದು ಮನೆ ಒಲೆಗೆ ಅನ್ನೋದು ಬೆಳೆಗಾರರ ಮನೆಗಳ ಹಳೇ ಲೆಕ್ಕ.

ಘಟ್ಟ ಇಳಿದ ಮೂಟೆ

ಕಾಫಿ ಇಲ್ಲಿಗೆ ಬಂದ ಕಥೆ ಎಲ್ಲರಿಗೂ ಗೊತ್ತು. ಬಾಬಾ ಬುಡನ್ ಅವರು ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಅನ್ನೋದು ಪ್ರತೀತಿ. ಸುಮಾರು 1670ರ ಕಾಲ ಅಂತ ಹೇಳ್ತಾರೆ. ದೊಡ್ಡ ತೋಟಗಳು ಬಂದಿದ್ದು 19ನೇ ಶತಮಾನದಲ್ಲಿ, ಬ್ರಿಟಿಷ್ ಪ್ಲಾಂಟರುಗಳ ಜೊತೆ.

ಆ ಕಾಲದಲ್ಲಿ ತೋಟದ ಮೂಟೆಗಳು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕರಾವಳಿಗೆ ಹೋಗ್ತಿದ್ದವು. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿಯಂಥ ಕಂಪನಿಗಳ ಕ್ಯೂರಿಂಗ್ ವರ್ಕ್ಸ್ ಇದ್ದವು. ಅಲ್ಲಿಂದ ಹಡಗಿನಲ್ಲಿ ಲಂಡನ್. ಲಂಡನ್ನಿನ ಮಿನ್ಸಿಂಗ್ ಲೇನ್ ಅನ್ನೋ ಬೀದಿ ಕಾಫಿ, ಟೀ, ಸಾಂಬಾರ ಪದಾರ್ಥಗಳ ಹರಾಜಿಗೆ ಹೆಸರುವಾಸಿ. ನಮ್ಮ ಬೆಟ್ಟದ ಕಾಫಿಯ ಗುಣ ದೋಷ ತೀರ್ಮಾನವಾಗ್ತಿದ್ದದ್ದು ಅಂಥ ಕಡೆ. ಅಲ್ಲಿ ಅದರ ಹೆಸರು ಮೈಸೂರು ಕಾಫಿ.

ಈ ದೂರವೇ ಒಂದು ರುಚಿಯನ್ನು ಹುಟ್ಟಿಸಿದ ವಿಚಿತ್ರವೂ ಇದೆ. ಹಾಯಿಹಡಗುಗಳು ಆಫ್ರಿಕಾ ಸುತ್ತಿ ಯುರೋಪ್ ತಲುಪೋಕೆ ತಿಂಗಳುಗಟ್ಟಲೆ ಬೇಕಿತ್ತು. ಹಡಗಿನ ತಳದಲ್ಲಿ ಕಡಲ ತೇವ ಕುಡಿದ ಬೀಜ ಊದಿ, ಹಸಿರು ಬಣ್ಣ ಹೋಗಿ ಹಳದಿಗೆ ತಿರುಗಿ, ಹುಳಿ ಕಡಿಮೆಯಾಗಿ ಬೇರೆಯೇ ರುಚಿ ಬರ್ತಿತ್ತು. ಯುರೋಪಿನವರಿಗೆ ಅದೇ ಅಭ್ಯಾಸವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾದ ಮೇಲೆ, ಆ ಹಳೇ ರುಚಿ ಎಲ್ಲಿ ಅಂತ ಕೇಳಿದರು. ಆಗ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರವಿ, ತಿರುವಿ, ಬೇಕಂತಲೇ ಆ ರುಚಿ ಬರಿಸೋಕೆ ಶುರು ಮಾಡಿದರು. ಇವತ್ತು ಮಾನ್ಸೂನ್ಡ್ ಮಲಬಾರ್ ಅಂತ ಮಾರಾಟವಾಗೋ ಕಾಫಿ ಅದೇ. ಕುಡಿಯುವವರ ನಾಲಿಗೆ ಮಾಡುವವರ ಕೆಲಸವನ್ನೇ ಬದಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಅದೇ 1869ರ ಸುಮಾರಿಗೆ ಇನ್ನೊಂದು ಆಯಿತು. ಸಿಲೋನಿನ ಕಾಫಿ ತೋಟಗಳಿಗೆ ಎಲೆ ತುಕ್ಕು ರೋಗ ಬಂತು, ಹಿಂದೆಯೇ ದಕ್ಷಿಣ ಭಾರತಕ್ಕೂ ಬಂತು. ಸಿಲೋನಿನವರು ಕಾಫಿ ಕಿತ್ತು ಟೀ ನೆಟ್ಟರು. ನಮ್ಮವರು ಕಾಫಿ ಬಿಡಲಿಲ್ಲ. ಮುಂದಿನ ಐವತ್ತು ವರ್ಷ ಬೆಳೆಗಾರರ ಚಿಂತೆ ಗಿಡ ಉಳಿಸೋದು ಹೇಗೆ ಅನ್ನೋದೇ ಆಯಿತು.

ಕೊಪ್ಪಕ್ಕೆ ಬಂದ ದ್ರಾಕ್ಷಿ ತೋಟದ ಔಷಧಿ

ಇಲ್ಲಿ ಕಥೆ ನಮ್ಮ ತಾಲೂಕುಗಳಿಗೆ ಬರುತ್ತೆ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಶಿಲೀಂಧ್ರ ರೋಗ ಮತ್ತು ಕೀಟಗಳ ತಜ್ಞರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಮೇಲೆ ಅವರು ಮಾಡಿದ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಕೊಳೆರೋಗಕ್ಕೆ ಅಂತ ಮಲೆನಾಡಿಗೆ ಬಂದ ಔಷಧಿ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ, ನೀರು. ಇವತ್ತಿಗೂ ಮಳೆಗಾಲ ಬಂದರೆ ನಮ್ಮ ತೋಟಗಳಲ್ಲಿ ಬೋರ್ಡೋ ಹೊಡೆಯೋದು ಅಂದರೆ ಎಲ್ಲರಿಗೂ ಗೊತ್ತು.

ಆ ಹೆಸರು ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಫ್ರಾನ್ಸಿನ ಬೋರ್ಡೋ, ವೈನ್‌ಗೆ ಜಗತ್ಪ್ರಸಿದ್ಧವಾದ ಸೀಮೆ. ಅಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತುಕೊಳ್ಳದಿರಲಿ ಅಂತ ರೈತರು ತುತ್ತ ಸುಣ್ಣ ಬಳಿದಿರ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಬೂಷ್ಟು ರೋಗ ತಗುಲದ್ದನ್ನು ಪಿಯರ್ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿದರು, 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರನ್ನು ಓಡಿಸೋಕೆ ಬಳಿದದ್ದು ರೋಗವನ್ನು ಓಡಿಸಿತು. ವೈನ್ ಸೀಮೆಯ ಔಷಧಿ ಹೀಗೆ ಮಲೆನಾಡಿನ ಅಡಿಕೆಯನ್ನೂ ಕಾಫಿಯನ್ನೂ ಕಾಯೋಕೆ ಬಂತು. ಕಾಫಿಯ ಎಲೆ ತುಕ್ಕಿಗೂ ಇದನ್ನೇ ಹೊಡೀತಾರೆ, ಸ್ವಲ್ಪ ತೆಳ್ಳಗೆ ಕಲಸಿ.

1915ರಲ್ಲಿ ಕಾಫಿಯ ಎಲೆರೋಗದ ಅಧ್ಯಯನಕ್ಕೆ ಅಂತಲೇ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆದರು. ಭಾರತದಲ್ಲಿ ಕಾಫಿ ಸಂಶೋಧನೆ ಹೆಜ್ಜೆ ಇಟ್ಟಿದ್ದು ಹೀಗೆ. ಹತ್ತು ವರ್ಷದ ನಂತರ, 1925ರಲ್ಲಿ, ಬಾಳೆಹೊನ್ನೂರಿನ ಹತ್ತಿರ ಮೈಸೂರು ಕಾಫಿ ಪ್ರಯೋಗ ಕೇಂದ್ರ ಬಂತು. ಬಾಳೆಹೊನ್ನೂರು ಅಂದರೆ ನರಸಿಂಹರಾಜಪುರ ತಾಲೂಕಿನ, ಭದ್ರಾ ದಂಡೆಯ ಊರು. ರಂಭಾಪುರಿ ಪೀಠದಿಂದ ನಾಡಿಗೆಲ್ಲ ಪರಿಚಿತ. 1940ರ ದಶಕದಲ್ಲಿ ಈ ಕೇಂದ್ರವನ್ನು ಕಾಫಿ ಬೋರ್ಡ್ ವಹಿಸಿಕೊಂಡಿತು. ಅದೇ ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಅಲ್ಲಿ 1940ರ ದಶಕದಲ್ಲೇ ರೂಪುಗೊಂಡ ತಳಿ ಎಸ್. 795. ತುಕ್ಕು ರೋಗವನ್ನು ತಕ್ಕಮಟ್ಟಿಗೆ ತಡೆಯೋ ಎಸ್. 288 ಮತ್ತು ಒಳ್ಳೆ ರುಚಿಯ ಕೆಂಟ್ಸ್, ಇವೆರಡರ ಸಂಕರ. ಹಳೇ ಬೆಳೆಗಾರರಿಗೆ ಇದು ಮನೆಯ ಸದಸ್ಯನಂಥ ತಳಿ. ಇಂಡೊನೇಷ್ಯಾಕ್ಕೂ ಹೋಗಿ ಅಲ್ಲಿ ಜೆಂಬರ್ ಅನ್ನೋ ಹೆಸರಲ್ಲಿ ನೆಲೆ ನಿಂತಿದೆ. ಅಂದರೆ, ಗಿಡದ ವಿದ್ಯೆ ಘಟ್ಟದ ಮೇಲೇ ಬೆಳೆಯಿತು. ಕಪ್ಪಿನ ವಿದ್ಯೆ ಮಾತ್ರ ಇನ್ನೂ ಮೇಲೆ ಬಂದಿರಲಿಲ್ಲ.

ಕಾಫಿ ಹೌಸ್ ಮತ್ತು ಪೂಲ್

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿತು. ನಮ್ಮ ದೇಶದವರಿಗೇ ಕಾಫಿ ಕುಡಿಸೋಣ ಅಂತ ಆಗಿನ ಕಾಫಿ ಸೆಸ್ ಕಮಿಟಿ 1936ರಲ್ಲಿ ಬೊಂಬಾಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅದೊಂದು ಸರ್ಕಾರಿ ಟೇಸ್ಟಿಂಗ್ ರೂಮ್ ಅಂದರೂ ತಪ್ಪಿಲ್ಲ. ಆಮೇಲೆ ಎರಡನೇ ಮಹಾಯುದ್ಧ. ಯುರೋಪಿನ ಮಾರುಕಟ್ಟೆ ಮುಚ್ಚಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ. ಕಾಫಿ ಬೋರ್ಡ್ ಹುಟ್ಟಿತು, ಜೊತೆಗೆ ಪೂಲ್ ವ್ಯವಸ್ಥೆ.

ಪೂಲ್ ಅಂದರೆ ಏನು? ಬೆಳೆಗಾರರು ಮನೆಬಳಕೆಗೆ ಒಂದಿಷ್ಟು ಇಟ್ಟುಕೊಂಡು, ಉಳಿದ ಕಾಫಿಯನ್ನೆಲ್ಲ ಬೋರ್ಡಿಗೆ ಒಪ್ಪಿಸಬೇಕು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ದರ್ಜೆ ನೋಡಿ ಪಾಯಿಂಟ್ ಹಾಕ್ತಿದ್ದರು. ಬೋರ್ಡ್ ಹರಾಜು ಮಾಡಿ, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡ್ತಿತ್ತು. ಯುದ್ಧದ ಕಾಲದಲ್ಲಿ ಇದು ಅನೇಕರನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಮಧ್ಯವರ್ತಿಗಳ ಕೈಗೆ ಸಿಕ್ಕಿ ಬೀಳುವ ಭಯ ಇರಲಿಲ್ಲ. ಆದರೆ ಯುದ್ಧ ಮುಗಿದು ದಶಕಗಳಾದರೂ ಪೂಲ್ ಮುಗಿಯಲಿಲ್ಲ. ಕಂತು ಬರೋಕೆ ವರ್ಷಗಳು ಹಿಡೀತಿದ್ದವು.

ರುಚಿಯ ಲೆಕ್ಕದಲ್ಲಿ ನೋಡಿದರೆ ಇನ್ನೂ ಒಂದು ನಷ್ಟ ಇತ್ತು. ಹಣ್ಣನ್ನೇ ಆರಿಸಿ ಕೊಯ್ದು, ತೊಟ್ಟಿಯ ಪಕ್ಕ ರಾತ್ರಿ ಕಾದು ಮಾಡಿದ ಪಾರ್ಚ್‌ಮೆಂಟೂ, ಅದೇ ದರ್ಜೆಯ ಇನ್ನೊಬ್ಬರ ಪಾರ್ಚ್‌ಮೆಂಟೂ ಪೂಲಿಗೆ ಬಿದ್ದ ಮೇಲೆ ಒಂದೇ. ತೋಟದ ಹೆಸರು ಸಾಮಾನ್ಯವಾಗಿ ಅಲ್ಲಿಗೇ ಅಳಿಸಿಹೋಗ್ತಿತ್ತು. ನನ್ನ ಕಾಫಿ ಚೆನ್ನಾಗಿದೆ ಅಂತ ಹೇಳಿಕೊಂಡು ಮಾರೋಕೆ ಬೆಳೆಗಾರರಿಗೆ ಕಾನೂನಿನಲ್ಲೇ ದಾರಿ ಇರಲಿಲ್ಲ. ಹೀಗಿರುವಾಗ ರುಚಿ ಕಲಿತು ಏನು ಮಾಡೋದು?

ರುಚಿ ನೋಡೋರು ಇದ್ದರು. ಬೆಂಗಳೂರಿನ ಕಾಫಿ ಬೋರ್ಡ್ ಕಚೇರಿಯಲ್ಲಿ. ಅಲ್ಲಿನ ಕೆಲಸ ಹೀಗೆ: ಮಾದರಿ ಬೀಜವನ್ನು ಹದವಾಗಿ ಹುರಿದು, ತರಿಯಾಗಿ ಪುಡಿ ಮಾಡಿ, ಬಟ್ಟಲಿಗೆ ಹಾಕಿ ಬಿಸಿನೀರು ಹೊಯ್ತಾರೆ. ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಪರಿಮಳ ತಗೊಂಡು, ಆಮೇಲೆ ಜೋರಾಗಿ ಸೊರ್ ಅಂತ ಹೀರಿ, ಬಾಯೆಲ್ಲ ಆಡಿಸಿ ಉಗುಳ್ತಾರೆ. ಹಾಲಿಲ್ಲ, ಸಕ್ಕರೆ ಇಲ್ಲ, ಚಿಕೋರಿ ಇಲ್ಲ. 1970ರ ದಶಕದಲ್ಲಿ ಅಲ್ಲಿಗೆ ಸೇರಿದ ಸುನಾಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ವೃತ್ತಿಪರ ಮಹಿಳಾ ಕಾಫಿ ಟೇಸ್ಟರ್ ಅಂತ ಗುರುತಿಸ್ತಾರೆ. 1990ರ ದಶಕದ ಮಧ್ಯದಲ್ಲಿ ಅವರು ಬೋರ್ಡ್ ಬಿಟ್ಟು ಬೆಂಗಳೂರಿನಲ್ಲೇ ಕಾಫಿಲ್ಯಾಬ್ ಕಟ್ಟಿದರು.

ಅದೇ ಬೆಂಗಳೂರಿನ ಇನ್ನೊಂದು ಮೂಲೆಯಲ್ಲಿ ಕಾಫಿ ಹೌಸ್. ಬೋರ್ಡ್ 1950ರ ದಶಕದಲ್ಲಿ ಕಾಫಿ ಹೌಸ್‌ಗಳನ್ನು ಮುಚ್ಚೋಕೆ ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಸಂಘ ಶುರುವಾಗಿದ್ದು 1957ರಲ್ಲಿ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಬಂತು. ಅಲ್ಲಿ ಕೂತು ಎಷ್ಟೋ ತಲೆಮಾರು ಸಾಹಿತ್ಯ, ರಾಜಕೀಯ, ಪ್ರೀತಿ ಎಲ್ಲ ಮಾತಾಡಿದ್ದಾರೆ. ಆದರೆ ಕಪ್ಪಿನಲ್ಲಿರೋದು ಯಾವ ಬೆಟ್ಟದ್ದು ಅಂತ ಕೇಳೋ ಹಾಗಿರಲಿಲ್ಲ. ಕೇಳಿದರೂ ಹೇಳೋಕೆ ಯಾರಿಗೂ ಗೊತ್ತಿರಲಿಲ್ಲ.

1996ರ ಆಚೆ

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ಬೆಲೆ ಕುಸಿಯಿತು. ಬೆಳೆಗಾರರ ಒತ್ತಾಯ ಜೋರಾಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಸರ್ಕಾರ ಹಂತ ಹಂತವಾಗಿ ಕಟ್ಟು ಸಡಿಲಿಸಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದಾಗ ಸ್ವಂತ ಮಾರಾಟದ ರುಚಿ ಏನು ಅಂತ ಬೆಳೆಗಾರರಿಗೆ ಗೊತ್ತಾಯಿತು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತ.

ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಅದನ್ನು ಕಟ್ಟಿದ ವಿ.ಜಿ. ಸಿದ್ಧಾರ್ಥ ನಮ್ಮದೇ ಜಿಲ್ಲೆಯ ಬೆಳೆಗಾರರ ಮನೆಯವರು. ತೋಟದವರು ಪೇಟೆಯ ಕಪ್ಪಿನ ತನಕ ಹೋದದ್ದು ದೊಡ್ಡ ಪ್ರಮಾಣದಲ್ಲಿ ಅದೇ ಮೊದಲು. 2002ರಿಂದ ಕಾಫಿ ಬೋರ್ಡ್ ಒಳ್ಳೆ ಕಪ್ಪಿಗೆ ಅಂತ ಪ್ರಶಸ್ತಿ ಕೊಡೋಕೆ ಶುರು ಮಾಡಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಈಗ ಬೆಂಗಳೂರಿನ ಹೊಸ ಕೆಫೆಗಳಲ್ಲಿ ಪೊಟ್ಟಣದ ಮೇಲೆ ತೋಟದ ಹೆಸರು, ಎತ್ತರ, ತಳಿ, ಸಂಸ್ಕರಣೆ ಎಲ್ಲ ಬರೆದಿರ್ತಾರೆ. ಪೂಲ್ ಅಳಿಸಿದ ಹೆಸರು ಮತ್ತೆ ಬಂತು.

ಹಾಗಾದರೆ ಎಲ್ಲ ಸರಿಹೋಯಿತಾ? ಕೊಪ್ಪ, ನರಸಿಂಹರಾಜಪುರದ ಸಣ್ಣ ಬೆಳೆಗಾರರನ್ನು ಕೇಳಿ ನೋಡಿ. ವ್ಯಾಪಾರಿ ಚೆರಿ ಮೂಟೆಗೆ ಕೈ ಹಾಕಿ ಮಾದರಿ ತೆಗೀತಾರೆ. ನೋಡೋದು ತೇವ ಎಷ್ಟಿದೆ, ಔಟ್‌ಟರ್ನ್ ಎಷ್ಟು ಬರುತ್ತೆ. ಅಂದರೆ 50 ಕೆ.ಜಿ. ಮೂಟೆಯಲ್ಲಿ ಸಿಪ್ಪೆ ಹೋಗಿ ಎಷ್ಟು ಬೀಜ ಉಳಿಯುತ್ತೆ ಅಂತ. ಅವತ್ತಿನ ದರ ಬಂದಿರೋದು ರೊಬಸ್ಟಾಗೆ ಲಂಡನ್ನಿನಿಂದ, ಅರೇಬಿಕಾಗೆ ನ್ಯೂಯಾರ್ಕಿನಿಂದ. ಸಾಮಾನ್ಯ ವ್ಯಾಪಾರದ ಈ ಲೆಕ್ಕದಲ್ಲಿ ಯಾರೂ ಒಂದು ಕಪ್ ಮಾಡಿ ಕುಡಿದು ನೋಡೋದಿಲ್ಲ. ಸ್ವಂತ ರೋಸ್ಟರ್, ಟೇಸ್ಟಿಂಗ್ ಮೇಜು ಇಟ್ಟುಕೊಂಡು ರುಚಿಗೆ ಬೆಲೆ ಕೇಳೋಕೆ ಆಗೋದು ಬಂಡವಾಳ ಇರೋ ತೋಟಗಳಿಗೆ. ದೇಶದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ಅವರಿಗೆ ಮಿನ್ಸಿಂಗ್ ಲೇನ್ ಇನ್ನೂ ಪೂರ್ತಿ ಮುಚ್ಚಿಲ್ಲ.

ಹಣ್ಣು ಕೊಯ್ಯೋ ಕೆಲಸದವರ ಮಾತಂತೂ ಇನ್ನೂ ದೂರ. ಹಿಂದೆ ಘಟ್ಟದ ಕೆಳಗಿನಿಂದ ಮೇಸ್ತ್ರಿಗಳ ಮುಂಗಡ ಪಡೆದು ಬರ್ತಿದ್ದರು, ಈಗ ಅಸ್ಸಾಮಿನಿಂದಲೂ ಬರ್ತಾರೆ. ಹಣ್ಣಾದದ್ದನ್ನೇ ಆರಿಸಿ ಕೊಯ್ಯೋದು ಒಳ್ಳೆ ಕಪ್ಪಿನ ಮೊದಲ ಮೆಟ್ಟಿಲು. ಆದರೆ ಕೂಲಿಯನ್ನು ಕೆ.ಜಿ. ಲೆಕ್ಕದಲ್ಲಿ ಕೊಟ್ಟರೆ ಕಾಯಿ ಹಣ್ಣು ಎಲ್ಲ ಒಟ್ಟಿಗೇ ಬುಟ್ಟಿಗೆ ಬೀಳುತ್ತೆ. ಕೆಫೆಯ ಪೊಟ್ಟಣದ ಮೇಲೆ ಎತ್ತರ ಬರೆದಿರುತ್ತೆ, ಕೂಲಿ ಬರೆದಿರಲ್ಲ.

ಹಾಗಾದರೆ ಎಲ್ಲಿಗೆ ಹೋಗೋದು?

ಮೊದಲಿನ ಪ್ರಶ್ನೆಗೆ ಬರೋಣ. ಪೇಟೆಯ ಟೇಸ್ಟಿಂಗ್‌ಗಾ, ತೋಟಕ್ಕಾ?

ಪೇಟೆಯಲ್ಲಿ ಒಂದು ಲಾಭ ಇದೆ. ನಾಲ್ಕು ತೋಟದ ಕಾಫಿ ಒಂದೇ ಮೇಜಿನ ಮೇಲೆ ಸಿಗುತ್ತೆ. ಹೋಲಿಸಿ ನೋಡದೆ ನಾಲಿಗೆ ಕಲಿಯೋದಿಲ್ಲ. ಆದರೆ ಅಲ್ಲಿ ಕೆಟ್ಟ ಕಪ್ಪುಗಳನ್ನು ಮೊದಲೇ ಆರಿಸಿ ತೆಗೆದಿರ್ತಾರೆ. ಮುಗ್ಗಲು ಹೇಗಿರುತ್ತೆ, ಹುದುಗು ಹೆಚ್ಚಾದರೆ ಏನಾಗುತ್ತೆ ಅನ್ನೋದು ಗೊತ್ತಾಗಲ್ಲ. ಅದು ಗೊತ್ತಾಗೋದು ಕೆಲಸ ನಡೆಯೋ ಅಂಗಳದಲ್ಲಿ.

ಮೇ ತಿಂಗಳಲ್ಲಿ ಹೋಂಸ್ಟೇಗೆ ಹೋಗಿ ಹಸಿರು ಗಿಡದ ಪಕ್ಕ ಫೋಟೊ ತೆಗೆಸಿಕೊಂಡು ಬಂದರೆ ತೋಟ ನೋಡಿದ ಹಾಗಾಯಿತು, ಕಾಫಿ ನೋಡಿದ ಹಾಗಲ್ಲ. ಡಿಸೆಂಬರ್, ಜನವರಿಯಲ್ಲಿ ಹೋಗಿ. ಸಂಜೆ ಹಣ್ಣಿನ ಅಳತೆ ನಡೆಯೋ ಹೊತ್ತಿಗೆ ಪಲ್ಪರ್ ಹತ್ತಿರ ನಿಂತು ನೋಡಿ. ಸಿಪ್ಪೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಹಾಗೇ ಹಳ್ಳಕ್ಕೆ ಬಿಟ್ಟರೆ ಅದು ಕೊನೆಗೆ ಸೇರೋದು ತುಂಗೆಗೆ, ಭದ್ರೆಗೆ. ಮೋಡ ಕವಿದರೆ ಕಣದ ಜನ ಹೇಗೆ ಓಡ್ತಾರೆ ನೋಡಿ. ಆಮೇಲೆ ಪೇಟೆಗೆ ವಾಪಸ್ ಬಂದು ಕಪ್ ಎತ್ತಿ. ಅದೇ ಕಾಫಿ ಬೇರೆ ಥರ ಅರ್ಥವಾಗುತ್ತೆ.

ಈ ಕ್ರಮ ನಾನು ಹೊಸದಾಗಿ ಹೇಳ್ತಿರೋದಲ್ಲ. ಕಾಫಿ ಬೋರ್ಡ್ ನಡೆಸುವ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾದಲ್ಲಿ ವಿದ್ಯಾರ್ಥಿಗಳು ಮೊದಲ ಭಾಗವನ್ನು ಬಾಳೆಹೊನ್ನೂರಿನ ಸಂಸ್ಥೆಯಲ್ಲಿ, ಗಿಡ ಮತ್ತು ಕಣದ ನಡುವೆ ಕಲೀತಾರೆ. ಆಮೇಲೆ ಬೆಂಗಳೂರಿನಲ್ಲಿ ಕಪ್ ಹಿಡೀತಾರೆ. ಕಲಿಯೋರಿಗೆ ಹಾಕಿಕೊಟ್ಟ ಈ ದಾರಿಯನ್ನು ತಿರುಗಿಸಿ, ಕಪ್ಪಿನ ವಿದ್ಯೆಯನ್ನು ಸಣ್ಣ ಬೆಳೆಗಾರರ ಅಂಗಳಕ್ಕೂ ತರಬೇಕಾಗಿದೆ. ಹೋಬಳಿಗೊಂದು ಸಣ್ಣ ರೋಸ್ಟರು, ನಾಲ್ಕು ಬಟ್ಟಲು, ರುಚಿ ಬಲ್ಲ ಒಬ್ಬರು ಇದ್ದರೂ ಸಾಕು. ಸಹಕಾರ ಸಂಘಗಳಿಗೆ ಇದು ಆಗದ ಕೆಲಸವೇನಲ್ಲ. ತನ್ನ ಕಾಫಿಯ ರುಚಿ ಏನು ಅಂತ ಗೊತ್ತಿರೋ ಬೆಳೆಗಾರ ವ್ಯಾಪಾರಿಯ ಎದುರು ಬೇರೆ ರೀತಿ ಕೂರ್ತಾನೆ.

ಮುಂದಿನ ಸಲ ತೋಟಕ್ಕೆ ಹೋದರೆ ಮನೆಯವರನ್ನು ಒಂದು ಪ್ರಶ್ನೆ ಕೇಳಿ: ಈ ವರ್ಷದ ನಿಮ್ಮ ಕಾಫಿ ನೀವು ಕುಡಿದು ನೋಡಿದ್ರಾ? ಉತ್ತರ ಏನು ಬಂತು ಅಂತ ನಮಗೂ ಬರೆದು ತಿಳಿಸಿ.